ಒಂದು ‘ಲೇ’ಗೆ ಹನ್ನೊಂದು ಟೇಕು

ನಿನ್ನೆ ಅಂಗಡಿಗೆ ಒಬ್ಬ ಗಿರಾಕಿ ಬಂದ. ಸಾಗುವಾನಿ ಬಾಗಿಲು ನೋಡಲಿಲ್ಲ, ಕೆತ್ತನೆಯ ಚೌಕಟ್ಟು ನೋಡಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ಓವರ್‌ಕೋಟಿನತ್ತ ಬೆರಳು ತೋರಿಸಿ “ಅದೆಷ್ಟ್ರಿ?” ಎಂದ.

“ಅದು ಮಾರಾಕಿಟ್ಟಿಲ್ರಿ” ಎಂದೆ.

ಅವನು ನಕ್ಕ. ನಗಬೇಕಾದದ್ದೇ. ನನ್ನದು ರಾಯಚೂರಿನಲ್ಲಿ ಹಳೆಯ ಬಾಗಿಲು, ಕಿಟಕಿ, ತೊಲೆ, ಕಂಬಗಳ ವ್ಯಾಪಾರ. ಎಲ್ಲಿ ಹಳೆಮನೆ ಕೆಡವುತ್ತಾರೋ ಅಲ್ಲಿ ಹಾರೆಯವನಿಗಿಂತ ಮೊದಲು ನಾನು ಹಾಜರು. ಹೆಸರು ಮಾರೆಪ್ಪ, ‘ಮಾರು’ ಎಂದು ಹೆಸರಿನಲ್ಲೇ ಅಪ್ಪಣೆಯಿದೆ. ನಿಮಗೊಂದು ಕಿವಿಮಾತು: ಹಳೆಸಾಮಾನಿನ ವ್ಯಾಪಾರಿ ‘ಮಾರುವುದಿಲ್ಲ’ ಎಂದರೆ ಬೆಲೆಯ ಮಾತು ಶುರುವಾಯಿತೆಂದೇ ತಿಳಿಯಿರಿ. ಆದರೆ ನಿನ್ನೆ ನಾನು ನಿಜ ಹೇಳಿದ್ದೆ. ನಿಜ ಹೇಳಿದ ದಿನವೇ ಜನ ನಮ್ಮನ್ನು ನಂಬುವುದಿಲ್ಲ.

ಕಲ್ಲು ಕಾದು ಸಿಡಿಯುವ ಊರಿನಲ್ಲಿ ಓವರ್‌ಕೋಟು ಏಕೆ ಎಂದು ನೀವೂ ಕೇಳುವಿರಿ. ಮೊದಲು ಆ ಪದದ ಕತೆ ಹೇಳಿಬಿಡುತ್ತೇನೆ. ನಾನು ಒಂಬತ್ತು ವರ್ಷದವನಿದ್ದಾಗ, ಮಾನ್ವಿಯಲ್ಲಿ, ಆ ಪದ ಮೊದಲ ಸಲ ಕಿವಿಗೆ ಬಿತ್ತು. ಓದುತ್ತಿದ್ದವರು ಅಕ್ಕಿ ಗಿರಣಿಯ ಸಾವ್ಕಾರರ ಮಗ ಈರಣ್ಣ, ಹದಿನಾಲ್ಕು ವರ್ಷದವರು. ಓದುತ್ತಿದ್ದದ್ದು ತಿಂಗಳಿಗೊಂದರಂತೆ ಬರುತ್ತಿದ್ದ ಪತ್ತೇದಾರಿ ಕಾದಂಬರಿ. ‘ಮಿಂಚುಕುಮಾರ ಓವರ್‌ಕೋಟು ಧರಿಸಿ ಕತ್ತಲಲ್ಲಿ ಮಾಯವಾದ’ ಎಂದು ಬಂತು. ಹಾಗೆಂದರೇನು ಎಂದು ಕೇಳಿದೆ.

“ಲೇ ಮಾರ್ಯಾ, ಇಷ್ಟೂ ತಿಳಿಯಂಗಿಲ್ಲೇನು? ರೇಡಿಯೋದಾಗ ಕ್ರಿಕೆಟ್ ಕೇಳಿಲ್ಲ? ಓವರ್ ಅಂದ್ರ ಮುಗೀತು ಅಂತ. ಹಾಕ್ಕೊಂಡು ಹಾಕ್ಕೊಂಡು ಮುಗಿದುಹೋದ ಕೋಟಿಗೆ ಓವರ್‌ಕೋಟ್ ಅಂತಾರ.”

ನಾನು ನಂಬಿದೆ. ನಂಬುವುದರಲ್ಲಿ ನನಗೆ ಸುಖವಿತ್ತು. ದೊಡ್ಡಪ್ಪನ ಮಗ ಹಾಕಿ ಬಿಟ್ಟ ಅಂಗಿಯನ್ನೇ ನಾನು ತೊಡುತ್ತಿದ್ದೆ. ಅಂದರೆ ಅದು ‘ಓವರ್‌ಅಂಗಿ’. ಮಿಂಚುಕುಮಾರನಿಗೂ ನನಗೂ ದರ್ಜಿ ಒಬ್ಬನೇ ಎಂದು ಎದೆಯುಬ್ಬಿಸಿ ತಿರುಗಿದೆ. ಹೈಸ್ಕೂಲಿಗೆ ಬರುವವರೆಗೂ, ಕಳ್ಳರನ್ನು ಹಿಡಿಯುವಂಥ ದೊಡ್ಡ ಕೆಲಸವೆಲ್ಲ ಹಳೆ ಬಟ್ಟೆ ಹಾಕಿದವರೇ ಮಾಡುವುದು ಎಂದು ನನ್ನ ಲೆಕ್ಕ. ಈಗ ಯೋಚಿಸಿದರೆ, ಹಳೆಯ ವಸ್ತುವಿನ ಮೇಲೆ ನನಗಿರುವ ಗೌರವ ಆ ತಪ್ಪು ಅರ್ಥದಿಂದಲೇ ಹುಟ್ಟಿದ್ದಿರಬೇಕು.

ಓದು ನಡೆಯುತ್ತಿದ್ದದ್ದು ಗಿರಣಿಯ ಹಿಂದೆ, ತೌಡಿನ ಚೀಲಗಳ ಸಂದಿಯಲ್ಲಿ. ದೊಡ್ಡ ಸಾವ್ಕಾರರಿಗೆ ಕಾದಂಬರಿ ಕಂಡರಾಗದು. ಸಾವ್ಕಾರರು ಬಂದರೆ ಕೆಮ್ಮುವುದು ನನ್ನ ಕೆಲಸ, ಅದಕ್ಕೆ ಪ್ರತಿಯಾಗಿ ಕತೆ ಕೇಳುವುದು ನನ್ನ ಹಕ್ಕು. ಇಬ್ಬರಿಗೂ ಬೇಕಾದದ್ದು ಎದುರಿನವನ ಹತ್ತಿರ ಇದ್ದಾಗ ಮಾತ್ರ ವ್ಯಾಪಾರ ಕುದುರುತ್ತದೆ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ, ನೆನಪಿಟ್ಟುಕೊಳ್ಳಿ. ಕತೆ ಮುಗಿದ ಮೇಲೆ ಆಟ. ಈರಣ್ಣನವರು ಮಿಂಚುಕುಮಾರ, ನಾನು ಹೆಣ. ಎರಡು ವರ್ಷ ನಾನು ಹೆಣವಾಗಿಯೇ ಇದ್ದೆ. ಚೀಲದ ಮೇಲೆ ಮಲಗಿದರೆ ಸಾಕು, ಸುಲಭದ ಪಾತ್ರ ಎನ್ನಬೇಡಿ. ತೌಡು ಮೂಗಿಗೆ ಹೋಗುತ್ತದೆ.

“ಲೇ, ಹೆಣ ಸೀನ್ತದೇನಲೇ? ಎದ್ದು ಇನ್ನೊಮ್ಮಿ ಸಾಯಿ!”

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಅವರ ಅಜ್ಜಿಯ ದನಿ ಬರುತ್ತಿತ್ತು: “ಲೇ ಈರ್ಯಾ! ಉಣ್ಣಾಕ ಬಾರಲೇ!” ಗುಂಡಿಗೂ ಅಂಜದ ಮಿಂಚುಕುಮಾರ ಚಡ್ಡಿ ಏರಿಸಿಕೊಂಡು ಓಡುತ್ತಿದ್ದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ಗಿರಣಿಯಲ್ಲಿ ನಮ್ಮಪ್ಪ ಹಮಾಲಿ. ಹೆಸರು ಹನುಮಂತಪ್ಪ. ಆ ಹೆಸರನ್ನು ಪೂರ್ತಿ ಕರೆದವರನ್ನು ನಾನು ಕಾಣೆ. “ಲೇ ಹಣಮ್ಯಾ” ಎಂದು ಸಾವ್ಕಾರರು ಕರೆಯುತ್ತಿದ್ದರು, ಗುಮಾಸ್ತ ಕರೆಯುತ್ತಿದ್ದ, ಅಕ್ಕಿ ಒಯ್ಯಲು ಬಂದವರು ಕರೆಯುತ್ತಿದ್ದರು, ಹದಿನಾಲ್ಕರ ಈರಣ್ಣನವರೂ ಕರೆಯುತ್ತಿದ್ದರು. ಬೆನ್ನ ಮೇಲಿನ ಚೀಲ ಇಳಿಸಿ “ಬಂದೆ ಧಣಿ” ಎನ್ನುತ್ತಿದ್ದ ಅಪ್ಪ. ಅಜ್ಜಿಯ ಬಾಯಲ್ಲಿ ತುಪ್ಪದಂತಿದ್ದ ‘ಲೇ’ ಇಲ್ಲಿ ಚೀಲಕ್ಕಿಂತ ಭಾರವಾಗಿರುತ್ತಿತ್ತು. ಅಕ್ಷರ ಒಂದೇ, ತೂಕ ಬೇರೆ. ನನಗೆ ಅದು ಬಹಳ ಬೇಗ ತಿಳಿಯಿತು.

ದೊಡ್ಡವನಾದ ಮೇಲೆ ರಾಯಚೂರಿಗೆ ಬಂದೆ, ತಳ್ಳುಗಾಡಿಯಲ್ಲಿ ಹಳೆ ಕಿಟಕಿ ಮಾರಿದೆ. ಅಂದೇ ಒಂದು ನೇಮ ಹಿಡಿದೆ: ಯಾರಿಗೂ ‘ಲೇ’ ಇಲ್ಲ, ಎಲ್ಲರಿಗೂ ‘ರೀ’. ಮರ ಹೊರುವವರಿಗೂ ರೀ, ಚಹಾ ತರುವವರಿಗೂ ರೀ. ‘ರೀ’ ಕೊಟ್ಟು ನೋಡಿ, ಹತ್ತರಲ್ಲಿ ಎಂಟು ಸಲ ಅದು ತಿರುಗಿ ಬರುತ್ತದೆ. ಉಳಿದೆರಡು ಸಲ ಎದುರಿನವನಿಗೆ ನಾಚಿಕೆಯಾದರೂ ಆಗುತ್ತದೆ. ನನ್ನ ಹೆಂಡತಿ ಮಾತ್ರ ಆಡಿಕೊಳ್ಳುತ್ತಾಳೆ: “ಮನಿ ಮುಂದಿನ ನಾಯಿಗೆ ‘ಸ್ವಲ್ಪ ಸರೀರಿ’ ಅಂದ್ರಿ, ಅವತ್ತಿಂದ ಅದಕ್ಕ ಸೊಕ್ಕು ಬಂದದ. ಈಗ ನಾನು ಅಂದ್ರ ಸರಿಯವಲ್ದು.”

ಸಂಕಟ ಬಂದದ್ದು ನನ್ನ ಮಗಳು ಸುಜಾತಾಳಿಂದ. ಅವಳು ದೇವದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಣ್ಣವಳಿದ್ದಾಗ ನಾನು ಹೇಳಿದ ಮಿಂಚುಕುಮಾರನ ಸಾಹಸಗಳನ್ನೆಲ್ಲ ನೆನಪಿಟ್ಟುಕೊಂಡು, ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಮೊಬೈಲಿನಲ್ಲೇ ಒಂದು ಸಿನಿಮಾ ಮಾಡಲು ಹೊರಟಳು. ನಿವೃತ್ತನಾದ ಪತ್ತೇದಾರ, ಮೊಳಕಾಲು ನೋವು, ಬಿಪಿ ಮಾತ್ರೆ. ಕೊನೆಯದಾಗಿ ಒಮ್ಮೆ ಹಳೆಯ ಶತ್ರು ‘ಕರಿಚೇಳು’ವನ್ನು ಹಿಡಿಯಲು ಹೊರಡುತ್ತಾನೆ. ಹೊಡೆದಾಟವೂ ಉಂಟು, ನಗೆಯೂ ಉಂಟು.

“ಯಪ್ಪಾ, ಮಿಂಚುಕುಮಾರ ನೀನ ಆಗಬೇಕು” ಎಂದಳು.

“ನನಗ ಹೆಣದ ಪಾತ್ರ ಮಾಡಿ ರೂಢಿ ಅದವ್ವಾ.”

“ಅದಕ್ಕ ಎದ್ದು ನಿಂದ್ರು ಅನ್ನಾಕತ್ತೀನಿ.”

ಕರಿಚೇಳುವಿನ ಪಾತ್ರಕ್ಕೆ ಮೀಸೆ ಬೇಕು, ಗಂಟಲು ಬೇಕು. ಎರಡೂ ಇದ್ದದ್ದು ಮಾನ್ವಿಯಲ್ಲಿ, ಈಗ ತಾವೇ ಸಾವ್ಕಾರರಾಗಿರುವ ಈರಣ್ಣನವರ ಹತ್ತಿರ. ಅವರ ಗಿರಣಿ ನಿಂತು ವರ್ಷಗಳಾಗಿವೆ, ಗಂಟಲು ನಿಂತಿಲ್ಲ. ಕೇಳಲು ಹೋದಾಗ ಅವರು, “ನಾ ಹೀರೋ ಆಗೇ ಬೆಳದಾಂವ, ಮಾರೆಪ್ಪ. ಈಗ ನನ್ನ ಖಳನಾಯಕ ಮಾಡ್ತೀಯೇನಪಾ?” ಎಂದರು. ನಾನು ಹೇಳಿದೆ: “ಸಾವ್ಕಾರ್ರ, ಹೀರೋಗ ಸಿಗೋದು ಬೆವರು. ‘ಹಹ್ಹಹ್ಹಾ’ ಅಂತ ನಗೋದು ಯಾರಿಗೆ ಸಿಗ್ತದ ಹೇಳ್ರಿ?” ಅವರು ಒಳಗೆ ಹೋಗಿ ಕನ್ನಡಿಯ ಮುಂದೆ ನಕ್ಕು ನೋಡಿ ಬಂದು ಒಪ್ಪಿಕೊಂಡರು. ಮಾರುವವನು ತನ್ನ ಮಾಲಿನ ಗುಣ ಹೇಳುವ ಮೊದಲು ಕೊಳ್ಳುವವನ ಆಸೆ ತಿಳಿದಿರಬೇಕು.

ಓವರ್‌ಕೋಟನ್ನು ಹಳೆಬಟ್ಟೆ ಮಾರುವವನಿಂದ ಗುಂಡಿ ಹೋಗಿದೆ, ಒಳಪದರ ಹರಿದಿದೆ ಎಂದು ಬೈದು ಬೈದು ತಂದೆ. ನಿಜವಾಗಿಯೂ ಮುಗಿದುಹೋದ ಕೋಟು. ಈರಣ್ಣನವರ ಅರ್ಥವೇ ಕೊನೆಗೆ ಸರಿಯಾಯಿತು. ಪಿಸ್ತೂಲು ದೀಪಾವಳಿಯದು. ಬೇಸಿಗೆ ರಜೆಯಲ್ಲಿ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚಿತ್ರೀಕರಣ ಶುರುವಾಯಿತು. ಕರಿಚೇಳು ಬಸ್ಸಿನಲ್ಲಿ ತಪ್ಪಿಸಿಕೊಳ್ಳಬೇಕು, ನಾನು ಹಿಂದೆ ಓಡಬೇಕು, ಬಸ್ಸು ಸಿಗಬಾರದು. ನಾನು ಕೋಟು ಹಾರಿಸುತ್ತ ಓಡಿದೆ. ಕಂಡಕ್ಟರ್ ಪುಣ್ಯಾತ್ಮ ಸೀಟಿ ಊದಿ ಬಸ್ಸು ನಿಲ್ಲಿಸಿ, “ತಡೀರಿ, ಹಿರಿಯರು ಓಡಿ ಬರಾಕತ್ತಾರ. ಜಾಗ ಬಿಡ್ರಿ!” ಎಂದ. ಒಳಗೆ ಕರಿಚೇಳುವೇ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದ್ದರು. ಮೂರು ಬಸ್ಸುಗಳಲ್ಲೂ ಇದೇ ಕತೆ. ಇಂಥ ಮರ್ಯಾದಸ್ಥರ ಊರಿನಲ್ಲಿ ಬೆನ್ನಟ್ಟುವ ದೃಶ್ಯ ತೆಗೆಯುವುದು ಕಷ್ಟ.

ಕೊನೆಯ ದೃಶ್ಯ ಗೂಗಲ್ ಎಂಬ ಊರಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಕರಿಚೇಳು ತೆಪ್ಪದಲ್ಲಿ ಕುಳಿತು ಪಾರಾಗುತ್ತಿರುತ್ತಾನೆ. ಬುಟ್ಟಿಯಂತೆ ದುಂಡಗಿರುವ ತೆಪ್ಪ. ನಾನು ದಂಡೆಯಿಂದ ಪಿಸ್ತೂಲು ಹಿಡಿದು ಕೂಗಬೇಕು: “ಲೇ ಕರಿಚೇಳು! ನಿನ್ನ ಆಟ ಮುಗೀತಲೇ! ಕೈ ಎತ್ತು!” ಇಷ್ಟೇ. ಅದನ್ನು ಅಂದೇ ಮುಗಿಸಬೇಕಿತ್ತು. ಮಾರನೆಯ ದಿನ ಸಾವ್ಕಾರರು ಎರಡೂ ಮೊಳಕಾಲಿನ ಆಪರೇಷನ್ನಿಗೆ ಹೈದರಾಬಾದಿಗೆ ಹೊರಡುವವರಿದ್ದರು. ಆಮೇಲೆ ಆರು ತಿಂಗಳು ಅವರು ತೆಪ್ಪ ಹತ್ತುವಂತಿಲ್ಲ, ಅಷ್ಟರಲ್ಲಿ ಕೊನೆಯ ವರ್ಷದ ಮಕ್ಕಳು ಊರು ಬಿಟ್ಟಿರುತ್ತಾರೆ. ಅಂದು ಆಗದಿದ್ದರೆ ಮಗಳ ಸಿನಿಮಾಕ್ಕೆ ಬಾಲವಿಲ್ಲ.

ತೆಪ್ಪದ ಭೀಮಣ್ಣ ಸೊಂಟದ ಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಿಂತ. ಸುಜಾತಾ “ಆ್ಯಕ್ಷನ್” ಎಂದಳು. ನಾನು ಪಿಸ್ತೂಲು ಎತ್ತಿದೆ.

“ಕರಿಚೇಳು ಅವರ! ನಿಮ್ಮ ಆಟ ಮುಗೀತ್ರಿ! ಕೈ ಎತ್ರಿ!”

ಮಕ್ಕಳು ಮರಳಿನಲ್ಲಿ ಉರುಳಾಡಿ ನಕ್ಕರು. ಎರಡನೆಯ ಸಲ ‘ಲೇ’ ಎನ್ನಲು ಬಾಯಿ ತೆರೆದೆ, ‘ಏನ್ರಿ’ ಬಂತು. ಮೂರನೆಯ ಸಲ ‘ಲೇ’ ಬಂತು, ಅದರ ಬಾಲಕ್ಕೆ ‘ರೀ’ಯೂ ಅಂಟಿಕೊಂಡು ಬಂತು: “ಲೇರೀ!”

ತೆಪ್ಪದಿಂದ ಸಾವ್ಕಾರರು ಕೂಗಿದರು: “ಏನಪಾ, ನನ್ನ ಹಿಡಿಯಾಕ ಬಂದೀಯೋ, ಲಗ್ನಕ್ಕ ಕರಿಯಾಕ ಬಂದೀಯೋ?”

ಭೀಮಣ್ಣ ಸಲಹೆ ಕೊಟ್ಟ: “ಯಜಮಾನ್ರ, ಕಣ್ಣು ಮುಚ್ಚಿ ಅಂದುಬಿಡ್ರಿ. ಇಂಜೆಕ್ಷನ್ ತಗೊಂಡಂಗ.” ಕಣ್ಣು ಮುಚ್ಚಿದೆ, ಕೋಟು ತುಳಿದು ಬಿದ್ದೆ. ಒಂಬತ್ತು ಟೇಕು ಮುಗಿದವು. ಸುಜಾತಾಳ ಮುಖ ಸಣ್ಣದಾಯಿತು. “ಯಪ್ಪಾ, ಒಂದ ಅಕ್ಷರ. ನನಗೋಸ್ಕರ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಾವ್ಕಾರರು ತೆಪ್ಪ ಇಳಿದು ಕುಂಟುತ್ತ ಬಂದು, ಜಾಲಿ ಮರದ ನೆರಳಿಗೆ ನನ್ನನ್ನು ಕರೆದೊಯ್ದು ಕೂರಿಸಿದರು. “ಯಾಕ ಬರವಲ್ದು? ಸುಳ್ಳುಸುಳ್ಳ ಸಿನಿಮಾ ಅಲ್ಲೇನು ಇದು?”

ವ್ಯಾಪಾರದಲ್ಲಿ ನಾನು ಮನಸ್ಸಿನ ಮಾತು ಆಡುವವನಲ್ಲ, ಆಡಬೇಡಿ ಎಂದು ನಿಮಗೂ ಹೇಳುವವನೇ. ಆದರೆ ಬಿಸಿಲಿಗೆ ತಲೆ ಕಾದಿತ್ತೋ ಏನೋ, ಹೇಳಿಬಿಟ್ಟೆ. “ಸಾವ್ಕಾರ್ರ, ಆ ಮಾತು ನಮ್ಮಪ್ಪನ ಮ್ಯಾಲ ದಿನಾ ಬೀಳೋದು ನೋಡೀನ್ರಿ. ಅದನ್ನ ಇನ್ನೊಬ್ಬರ ಮ್ಯಾಲ ಒಗಿಯಾಕ ಬಾಯಿ ಏಳಂಗಿಲ್ಲ.”

ಅವರು ನದಿಯ ಕಡೆ ಮುಖ ಮಾಡಿ, “ನಾನೂ ಅಂದೀನಿ, ಮಾರೆಪ್ಪ. ಹಣಮ್ಯಾ ಅಂದೀನಿ. ಅವನ...” ಎನ್ನುತ್ತಲೇ ತಿದ್ದಿಕೊಂಡರು. “ಅವರ ವಯಸ್ಸು ನಮ್ಮಪ್ಪನಕಿಂತ ಹೆಚ್ಚಿತ್ತು. ನನಗ ಯಾರೂ ತಪ್ಪು ಅನ್ನಲಿಲ್ಲ. ಅನ್ನದಿದ್ರೇನು, ನನಗರ ತಿಳೀಬೇಕಿತ್ತು.” ಅಷ್ಟು ಹೇಳಿ ಎದ್ದು, ಮೊಳಕಾಲು ಹಿಡಿದುಕೊಂಡು ಮತ್ತೆ ತೆಪ್ಪ ಹತ್ತಿದರು.

ಹತ್ತನೆಯ ಟೇಕಿನಲ್ಲಿ ನನಗೆ ಯಾವ ಮಾತೂ ಬರಲಿಲ್ಲ. ಹನ್ನೊಂದನೆಯದಕ್ಕೆ ಸಾವ್ಕಾರರು, ನನಗೆ ಸಿಟ್ಟು ಬರಿಸಲೆಂದೋ ಏನೋ, ಯಾರಿಗೂ ಹೇಳದೆ ಒಂದು ಹೊಸ ಕರಾಮತ್ತು ಮಾಡಿದರು. ಕುಳಿತೇ ನಗಬೇಕಾದವರು ತೆಪ್ಪದಲ್ಲಿ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು “ಹಹ್ಹಹ್ಹಾ!” ಎಂದರು.

ದುಂಡನೆಯ ತೆಪ್ಪದಲ್ಲಿ ನಿಂತವನಿಗೆ ಆಧಾರವಿಲ್ಲ. ತೆಪ್ಪ ಬುಗುರಿಯಂತೆ ತಿರುಗಿತು. ಭೀಮಣ್ಣನ ಕೈಯಿಂದ ಹಗ್ಗ ಜಾರಿತು. ‘ಹಹ್ಹಹ್ಹಾ’ ಹೋಗಿ ‘ಅಯ್ಯಯ್ಯಪ್ಪೋ’ ಬಂತು. ಒಂದು ಅಂಚು ನೀರಿಗೆ ಮುಟ್ಟಿತು, ಮೀಸೆ ಒಮ್ಮೆ ಗೂಗಲ್ ಕಡೆಗೆ, ಒಮ್ಮೆ ಆಚೆ ದಡದ ಕಡೆಗೆ ತಿರುಗಿತು. ನಾನು ಪಿಸ್ತೂಲು ಎಸೆದು ನೀರಿಗೆ ನುಗ್ಗಿದ್ದೆ. ಬಾಯಿಂದ ಬಂದದ್ದು ನನ್ನ ದನಿಯೋ ಆ ಅಜ್ಜಿಯ ದನಿಯೋ ತಿಳಿಯದು:

“ಲೇ ಈರ್ಯಾ! ಕುಂದ್ರಲೇ! ಕುಂದ್ರಲೇ ಕೆಳಗ, ಸಾಯ್ತೀಯೇನಲೇ!”

ಸಾವ್ಕಾರರು ಶಾಲೆಯ ಮಗುವಿನಂತೆ ಧಪ್ಪನೆ ಕುಳಿತರು. ನಾನೂ ಭೀಮಣ್ಣನೂ ಅಂಚು ಹಿಡಿದು ತೆಪ್ಪವನ್ನು ದಂಡೆಗೆ ಎಳೆದೆವು. ಕೋಟು ನೀರು ಕುಡಿದು ಎಮ್ಮೆಕರುವಿನಷ್ಟು ಭಾರವಾಗಿತ್ತು. ಆಗ ನೋಡುತ್ತೇನೆ, ಎಲ್ಲರ ಕಣ್ಣೂ ನನ್ನ ಮೇಲೆ. ಮಾನ್ವಿಯ ಸಾವ್ಕಾರರಿಗೆ ಎಲ್ಲರೆದುರು ಏಕವಚನ, ಅದೂ ನಾಲ್ಕು ‘ಲೇ’. ನನ್ನ ಮೈಯ ನೀರು ಅಲ್ಲೇ ತಣ್ಣಗಾಯಿತು.

ಮೊದಲು ಬಾಯಿಬಿಟ್ಟವಳು ಸುಜಾತಾ. “ಯಪ್ಪಾ! ಎಷ್ಟು ಚೆಂದ ಬಂತು! ಆದ್ರ ಅವರ ಹೆಸರು ಕರಿಚೇಳು. ನೀ ಈರ್ಯಾ ಅಂದುಬಿಟ್ಟಿ. ಎಲ್ಲಾ ಹಾಳಾತು.”

“ಹಾಳಾಗಿಲ್ಲ ತಂಗಿ” ಎಂದರು ಸಾವ್ಕಾರರು ಮೀಸೆ ಹಿಂಡಿಕೊಳ್ಳುತ್ತ. “ಕರಿಚೇಳು ಅನ್ನೋದು ಧಂದೆದ ಹೆಸರು. ಅವನ ಖರೇ ಹೆಸರು ಈರ್ಯಾ. ಸಣ್ಣಾವಿದ್ದಾಗ ಇಬ್ರೂ ಒಂದ ಕಡೆ ಆಡಿದವರು. ಹಂಗಂತ ಬರ್ಕೋ.”

ಹಾಗೆಂದೇ ಅವಳು ಬರೆದುಕೊಂಡಳು. ಸಿನಿಮಾವನ್ನು ಆಮೇಲೆ ಕಾಲೇಜಿನ ಸಭಾಂಗಣದಲ್ಲಿ ತೋರಿಸಿದಾಗ, ಪತ್ತೇದಾರ ಪಿಸ್ತೂಲು ಬಿಸಾಡಿ ಶತ್ರುವನ್ನು ಹೆಸರು ಹಿಡಿದು ಕೂಗುವಲ್ಲಿ ಮಂದಿ ಎದ್ದು ನಿಂತು ಸೀಟಿ ಹೊಡೆದರು. ‘ಇಂಥ ತಿರುವು ಹೇಗೆ ಹೊಳೆಯಿತು?’ ಎಂದು ಒಬ್ಬರು ಕೇಳಿದ್ದಕ್ಕೆ ನನ್ನ ಮಗಳು ಗಂಭೀರವಾಗಿ ‘ಬಹಳ ಯೋಚಿಸಿದೆ’ ಎಂದಳು. ನನ್ನ ಮಗಳೇ ಸರಿ. ಕೋಲೂರಿ ಬಂದಿದ್ದ ಸಾವ್ಕಾರರು ನನ್ನ ಪಕ್ಕದಲ್ಲಿ ಕೂತು, ತಮ್ಮ ನಗು ಸಾಕಷ್ಟು ಹೊತ್ತು ತೋರಿಸಲಿಲ್ಲ ಎಂದು ಗೊಣಗಿದರು.

ನಾನು ಹೇಳಬೇಕೆಂದಿದ್ದದ್ದು ಅಂದು ಟೇಕು ಮುಗಿದ ಮೇಲೆ ದಂಡೆಯಲ್ಲಿ ನಡೆದ ಮಾತು. ಮಕ್ಕಳು ಸಾಮಾನು ಕಟ್ಟುತ್ತಿದ್ದರು. ನಾನು ಕೈಮುಗಿದು, “ತಪ್ಪಾತ್ರಿ ಸಾವ್ಕಾರ್ರ, ಅಂಜಿಕಿಗೆ ಬಾಯಿ ಜಾರಿತು” ಎಂದೆ.

“ಇನ್ನೊಮ್ಮಿ ಅನ್ನು.”

“ಏನ್ರಿ?”

“ಈರ್ಯಾ ಅನ್ನು. ಆ ಹೆಸರು ಹಿಡಿದು ಕರಿಯೋರು ಒಬ್ಬೊಬ್ಬರ ಹೋಗಿಬಿಟ್ರು. ಈಗ ಮನ್ಯಾಗ ಸಾವ್ಕಾರ್ರು, ಸಂತ್ಯಾಗ ಸಾವ್ಕಾರ್ರು. ಹೆಂಡತಿಗೂ ‘ಏನ್ರಿ’. ತೆಪ್ಪದಾಗ ನೀ ಒದರಿದಾಗ, ಮಾರೆಪ್ಪ, ನನಗ ಮುಳುಗೋದು ಮರತುಹೋತು. ಉಣ್ಣಾಕ ಕರದಂಗಾತು.”

ಇಷ್ಟು ವರ್ಷ ‘ಲೇ’ ಎನ್ನುವುದು ಬೇಡದ ಸರಕು ಎಂದು ತಿಳಿದಿದ್ದೆ. ಅದಿಲ್ಲದೆ ಹಸಿದವರೂ ಇರುತ್ತಾರೆಂದು ನನಗೆ ಹೊಳೆದಿರಲಿಲ್ಲ.

“ದಿನಾ ಒಂದು ಅನ್ನು, ಸಾಕು” ಎಂದರು.

ಚೌಕಾಸಿ ಎಂದರೆ ನನಗೆ ಜೀವ ಬರುತ್ತದೆ. “ಆಗಂಗಿಲ್ರಿ. ತಿಂಗಳಿಗೊಂದು.”

“ವಾರಕ್ಕೊಂದು. ಅದ್ರಾಗ ಈರ್ಯಾ ಇರಬೇಕು.”

“ಆತು. ಆದ್ರ ನನ್ನ ಕಡಿಂದೂ ಒಂದು ಷರತ್ತು. ನಮ್ಮಪ್ಪನ ಹೆಸರು ತಗೊಂಡ್ರ ಪೂರ್ತಿ ತಗೋಬೇಕು.”

“ಹನುಮಂತಪ್ಪನವರು” ಎಂದರು ಅವರು, ತಡಮಾಡದೆ. ಆಮೇಲೆ ನಾನು ಕೇಳದೆಯೇ ಒಂದು ಹೆಚ್ಚಿಗೆ ಹಾಕಿದರು: “ಏಳ್ರಿ ಮಾರೆಪ್ಪರ, ಕೋಟು ಹಿಂಡಿ ಒಣಗಿ ಹಾಕ್ರಿ.”

ಅದಾಗಿ ನಾಲ್ಕನೆಯ ದಿನ ಮುಂಜಾನೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಅಣ್ಣತಮ್ಮಂದಿರು. ಹಿರೇಕೊಟ್ನೆಕಲ್‌ನ ಒಂದು ಹಳೆಮನೆಯ ಬಾಗಿಲಿಗೆ ಗಂಟೆಯಿಂದ ಜಗ್ಗಾಟ ನಡೆದಿತ್ತು. “ಬರ್ರಿ, ಕುಂದರ್ರಿ, ಚಹಾ ಕುಡೀರಿ” ಎಂದು ನಾನು ಸಕ್ಕರೆಯಾಗಿದ್ದೆ. ಫೋನು ಬಂತು. ಹೈದರಾಬಾದಿನಿಂದ ಸಾವ್ಕಾರರು. ದನಿ ಸಣ್ಣಗಿತ್ತು.

“ಮಾರೆಪ್ಪರ, ಒಳಗ ಕರ್ಕೊಂಡು ಹೋಗಾಕತ್ತಾರ. ಎಲ್ಲಾರೂ ಸರ್ ಸರ್ ಅನ್ನಾಕತ್ತಾರ. ಯಾಕೋ ಅಂಜಿಕಿ ಬಂದದ್ರಿ. ಈ ವಾರದ್ದು ಈಗ ಕೊಟ್ಟುಬಿಡ್ರಲ್ಲ.”

ಗಿರಾಕಿಗಳನ್ನು ನೋಡಿದೆ. ಮೂವತ್ತು ವರ್ಷ ಸಂಪಾದಿಸಿದ ನನ್ನ ಒಳ್ಳೆಯ ಬಾಯಿಯ ಹೆಸರು ನೆನಪಾಯಿತು. ಎದ್ದು ನಿಂತೆ.

“ಲೇ ಈರ್ಯಾ! ಏನಲೇ ಅಂಜತಿ? ಸುಮ್ನ ಒಳಗ ನಡಿಯಲೇ! ಮಳಿಗಾಲ ಮುಗಿಯೋದ್ರಾಗ ಗೂಗಲ್ ಮರಳಾಗ ನಡದು ತೋರಿಸಬೇಕು, ಇಲ್ಲಾಂದ್ರ ನಾನ ಬಂದು ಎಳಕೊಂಡು ಹೋಗ್ತೀನಲೇ, ತಿಳೀತಿಲ್ಲ?”

ಆ ಕಡೆಯಿಂದ ನಗು, ಸಿನಿಮಾದ್ದಲ್ಲ, ತೌಡಿನ ಚೀಲದ ಸಂದಿಯದು. “ಆತ್ರಿ ಮಾರೆಪ್ಪರ, ಹೋಗಿ ಬರ್ತೀನ್ರಿ” ಎಂದು ಫೋನಿಟ್ಟರು.

ನಾನು ತಿರುಗಿದೆ. ಅಣ್ಣತಮ್ಮಂದಿರು ಬೆಂಚಿನ ತುದಿಗೆ ಸರಿದು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಅಣ್ಣ ನಿಧಾನವಾಗಿ, “ನೀವು ಹೇಳಿದ ರೇಟಿಗೇ ಆಗ್ಲಿ ಬಿಡ್ರಿ ಯಜಮಾನ್ರ” ಎಂದ.

ನಾನು ಕಣ್ಣೊರೆಸಿಕೊಂಡು ಕುಳಿತು, ಅವರು ಕೇಳದಿದ್ದರೂ ನಾನೇ ಬೆಲೆ ಇಳಿಸಿದೆ.